ಸಿಡಿಲಪ್ಪನ ಮನೆಯಲ್ಲಿ ಗುಡುಗಿನ ಕಾಲ

ಏಪ್ರಿಲ್ 27

ಈ ಮನೆಯಲ್ಲಿ ಬಾಯಿ ಇರುವುದು ಇಬ್ಬರಿಗೇ. ಒಬ್ಬಳು ನಾನು, ಇನ್ನೊಂದು ನನ್ನ ಹೊಲಿಗೆ ಯಂತ್ರ. ಗಂಡ ಎನ್ನಿಸಿಕೊಂಡವರು ಲೆಕ್ಕಕ್ಕೆ ಬರುವುದಿಲ್ಲ. ಅಣ್ಣನ ಮನೆಯಲ್ಲಿದ್ದಾಗ ಅತ್ತಿಗೆಯೂ ನಾನೂ ಸೇರಿದರೆ ಗೋಡೆಗಳು ಕಿವಿ ಮುಚ್ಚಿಕೊಳ್ಳಬೇಕಿತ್ತು. ಇಲ್ಲಿಗೆ ಬಂದು ಮೂರು ತಿಂಗಳಾಯಿತು, ನಾಲಿಗೆಗೆ ತುಕ್ಕು ಹಿಡಿಯುವುದೊಂದು ಬಾಕಿ. ಅದಕ್ಕೇ ಅಳತೆ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಅದೊಂದು ಸುಖ.

ಊರವರು ಈ ಮನುಷ್ಯನನ್ನು ಸಿಡಿಲಪ್ಪ ಎನ್ನುತ್ತಾರೆ. ಎತ್ತರದ ಕಟ್ಟಡಗಳ ನೆತ್ತಿಗೆ ಸಿಡಿಲಿನ ಕಂಬಿ ನೆಟ್ಟು, ಗೋಡೆಗುಂಟ ತಾಮ್ರದ ಪಟ್ಟಿ ಇಳಿಸಿ, ನೆಲದೊಳಕ್ಕೆ ಸೇರಿಸುವುದು ಕೆಲಸ. ಹೆಸರು ಕೇಳಿದರೆ ಮೀಸೆ ತಿರುವುವ ಆಸಾಮಿ ಅನ್ನಿಸಬೇಕು. ಎದುರಿಗೆ ಕೂತು ‘ಇನ್ನೊಂದು ಲೋಟ ಚಹಾ’ ಎಂದರೂ ನನಗೆ ಕೇಳಿಸುವುದಿಲ್ಲ, ತುಟಿ ನೋಡಿ ಊಹಿಸಬೇಕು.

ನನ್ನ ಅಂಗಡಿಯ ಬೀದಿಗೆ ಕಂಬಿ ಹಾಕಲು ಬಂದವರು ಏಣಿಗೆ ಸಿಕ್ಕಿ ಪ್ಯಾಂಟು ಹರಿದುಕೊಂಡು ನನ್ನ ಹತ್ತಿರ ಹೊಲಿಸಿಕೊಂಡರು. ಆಮೇಲೆ ವಾರಕ್ಕೊಂದು ಪ್ಯಾಂಟು ಹರಿಯತೊಡಗಿತು. ಕೊನೆಗೊಂದು ದಿನ, “ನನಗೆ ಮಾತು ಕಮ್ಮಿ, ನಿಮಗೆ ಜಾಸ್ತಿ. ಎರಡೂ ಸೇರಿಸಿದ್ರೆ ಸರಿಹೋಗ್ಬಹುದು” ಎಂದರು. ಐವತ್ತು ದಾಟಿದವಳು ನಾನು, ಊರಿಗೆಲ್ಲ ಮದುವೆ ಬಟ್ಟೆ ಹೊಲಿದುಕೊಟ್ಟವಳು. ನಗು ಬಂತು, ಹೂಂ ಅಂದುಬಿಟ್ಟೆ. ಇಬ್ಬರೂ ಹೋಗಿ ಸಹಿ ಹಾಕಿ ಬಂದೆವು.

ಹೂಂ ಅನ್ನುವಾಗ ಒಂದು ವಿಷಯ ಮರೆತಿದ್ದೆ. ನನಗೆ ಗುಡುಗೆಂದರೆ ಪ್ರಾಣ ಹೋಗುವಷ್ಟು ಭಯ. ಚಿಕ್ಕವಳಿದ್ದಾಗ ಮಂಚದ ಕೆಳಗೆ ಸೇರುತ್ತಿದ್ದೆ, ಈಗ ಮಂಡಿ ಬಗ್ಗುವುದಿಲ್ಲವಾಗಿ ಹೊದಿಕೆಯೊಳಗೆ ಸೇರುತ್ತೇನೆ. ಹಾವು ಕಂಡರೆ ಓಡುವವಳು ಹಾವಾಡಿಗನ ಕೈಹಿಡಿದ ಹಾಗಾಯಿತು.

ಇವತ್ತು ಅಣ್ಣ ಫೋನು ಮಾಡಿದ್ದ. “ಹೊಂದಿಕೆ ಆಗ್ಲಿಲ್ಲ ಅಂದ್ರೆ ಮುಲಾಜು ಬೇಡ, ವಾಪಸ್ ಬಂದ್ಬಿಡು. ನಿನ್ನ ರೂಮಿಗೆ ಯಾರನ್ನೂ ಬಿಟ್ಟಿಲ್ಲ” ಅಂದ. ನಾನು, “ಗುಡುಗಿನ ಕಾಲ ಒಂದು ಕಳೀಲಿ ಅಣ್ಣಾ. ಅದನ್ನ ಈ ಮನೇಲಿ ತಡ್ಕೊಂಡ್ರೆ ಇರ್ತೀನಿ, ಇಲ್ದಿದ್ರೆ ಬಂದ್ಬಿಡ್ತೀನಿ” ಎಂದೆ. ಇಟ್ಟು ತಿರುಗಿದರೆ ಸಿಡಿಲಪ್ಪನವರು ಬಾಗಿಲಲ್ಲಿ ನಿಂತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯದು. ಕೇಳಿಸಿದ್ದರೂ ಅವರೇನು ಬಾಯಿ ಬಿಡುವ ಪೈಕಿಯೇ!

ಮೇ 2

ಮೊದಲನೇ ಗುಡುಗು ಇವತ್ತು ಸಂಜೆ. ಕತ್ತರಿ ಎಲ್ಲೋ, ಬಟ್ಟೆ ಎಲ್ಲೋ, ನಾನು ಹೊದಿಕೆಯೊಳಗೆ. ಕಿವಿಗೆ ಹತ್ತಿ.

ಸಿಡಿಲಪ್ಪನವರು ಕಿಟಕಿಯ ಹತ್ತಿರ ನಿಂತು ಬಂಧುಗಳು ಬಂದ ಸಂಭ್ರಮದಲ್ಲಿ ಆಕಾಶ ನೋಡುತ್ತಿದ್ದರು. ಹೊದಿಕೆಯ ಸಂದಿನಿಂದ ಕಂಡೆ. ಆಮೇಲೆ ನನ್ನ ಅವತಾರ ನೋಡಿ ಕಿಟಕಿ ಮುಚ್ಚಿದರು. ಒಂದು ಸ್ಟೂಲು ತಂದು ಮಂಚದ ಪಕ್ಕ ಹಾಕಿಕೊಂಡು ಕೂತರು. ಮಳೆ ನಿಲ್ಲುವವರೆಗೂ ಕೂತೇ ಇದ್ದರು.

ಒಂದು ಸಮಾಧಾನದ ಮಾತು? ಇಲ್ಲ. ‘ಹೆದರಬೇಡ’ ಎನ್ನಲಿಕ್ಕೆ ಎಷ್ಟು ಉಸಿರು ಖರ್ಚಾಗುತ್ತದೆ? ಕಲ್ಲಾದರೂ ಕರಗೀತು, ಈ ಮನುಷ್ಯನ ಬಾಯಿ ಕರಗದು.

ಮೇ 4

ಭಾನುವಾರ. “ಹೊರಗೆ ಹೋಗಿ ಬರೋಣ್ವಾ?” ಎಂದರು. ಒಳ್ಳೇ ಬಟ್ಟೆ ಹಾಕಿಕೊಂಡೆ, ಹೊಸ ಚಪ್ಪಲಿ ಮೆಟ್ಟಿಕೊಂಡೆ. ಹೊಸದಾಗಿ ಮದುವೆಯಾದವರು ಕೆರೆಗೆ ಹೋಗುತ್ತಾರೆ, ಉದ್ಯಾನಕ್ಕೆ ಹೋಗುತ್ತಾರೆ. ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಗ್ರಂಥಾಲಯದ ಹಿಂಗೋಡೆಯ ಎದುರಿಗೆ, ಕಸದ ಡಬ್ಬಿಯ ಪಕ್ಕ.

“ಇದನ್ನ ನಿಮಗೆ ತೋರಿಸ್ಬೇಕು ಅಂತ ಇತ್ತು” ಎಂದರು.

ಮೇಲೆ ಒಂದು ಚೂಪು ಕಂಬಿ. ಅಲ್ಲಿಂದ ಎರಡು ಬೆರಳಗಲದ ತಾಮ್ರದ ಪಟ್ಟಿ ಗೋಡೆಗುಂಟ ಇಳಿದು ನೆಲದೊಳಗೆ ಹೋಗಿತ್ತು. ಎಲ್ಲಿಯೂ ಚೂಪಾಗಿ ಮಡಿಚಿಲ್ಲ. ಕಟ್ಟಡದ ಅಂಚು ಬಂದಲ್ಲೆಲ್ಲ ದುಂಡಗೆ ಬಾಗಿಸಿದ್ದಾರೆ, ನಾನು ಕತ್ತಿನ ಪಟ್ಟಿ ತಿರುಗಿಸುವ ಹಾಗೆ. ಕೈಕೆಲಸ ಅಚ್ಚುಕಟ್ಟು ಎಂದು ಒಪ್ಪಲೇಬೇಕು.

“ಸಿಡಿಲು ಬೀಳದ ಹಾಗೆ ಇದು ತಡೆಯುತ್ತಾ?” ಕೇಳಿದೆ.

“ತಡೆಯಲ್ಲ. ಬರೋದು ಬಂದೇ ಬರುತ್ತೆ. ಬಂದಿದ್ದಕ್ಕೆ ನೇರವಾಗಿ ಭೂಮಿಗೆ ಹೋಗೋಕೆ ದಾರಿ ಕೊಡ್ತೀವಿ, ಅಷ್ಟೇ. ಚೂಪಾಗಿ ತಿರುಗಿಸಿದ್ರೆ ಅಲ್ಲಿಂದ ಹಾರಿಬಿಡುತ್ತೆ.”

“ದಾರಿ ಸಿಗದಿದ್ರೆ?”

“ಗೋಡೆ ಸೀಳ್ಕೊಂಡು ಒಳಗೆ ನುಗ್ಗುತ್ತೆ. ನೀರಿನ ಪೈಪು, ಕಿಟಕಿ ಸರಳು, ಮನುಷ್ಯರು. ಏನು ಸಿಕ್ರೆ ಅದು.”

ನೆಲದಿಂದ ಸೊಂಟದೆತ್ತರದಲ್ಲಿ ಪಟ್ಟಿಗೆ ಒಂದು ಜೋಡಣೆ ಇತ್ತು. ಮೇಲಿನ ತುಂಡು, ಕೆಳಗಿನ ತುಂಡು, ನಡುವೆ ಎರಡು ಹಿತ್ತಾಳೆ ನಟ್ಟು. ಭೂಮಿ ಸಿಡಿಲನ್ನು ಸರಿಯಾಗಿ ಎಳೆದುಕೊಳ್ಳುತ್ತದೆಯೇ ಎಂದು ವರ್ಷಕ್ಕೊಮ್ಮೆ ಮೀಟರ್ ಹಚ್ಚಿ ನೋಡಬೇಕಂತೆ. ಆಗ ಆ ಜೋಡಣೆ ಬಿಚ್ಚಬೇಕು, ನೋಡಿ ಆದಮೇಲೆ ಮರಳಿ ಕೂಡಿಸಬೇಕು. ಬಿಚ್ಚಿದ ನಟ್ಟು ಅಂಗಿಯ ಎಡ ಜೇಬಿಗೆ. ನೆಲದ ಮೇಲಿಟ್ಟರೆ ಕಳೆಯುತ್ತದೆ. “ಜೇಬು ಖಾಲಿ ಆಗದೆ ಆ ಜಾಗ ಬಿಟ್ಟು ಕದಲೋ ಹಾಗಿಲ್ಲ. ಅದು ನಮ್ಮ ಕೆಲಸದ ನೇಮ. ಇನ್ನೊಂದು ನೇಮ, ಗುಡುಗು ಕಿವಿಗೆ ಬಿದ್ದಮೇಲೆ ಪಟ್ಟಿ ಮುಟ್ಟೋ ಹಾಗಿಲ್ಲ.”

ಮದುವೆಯಾದಾಗಿನಿಂದ ಆಡಿದ್ದಕ್ಕಿಂತ ಹೆಚ್ಚು ಮಾತು ಒಂದು ಗೋಡೆಯ ಬಗ್ಗೆ ಆಡಿದರು! ಕೇಳಿ ಕೇಳಿ ಕಾಲು ನೋವು. ಹೊಸ ಚಪ್ಪಲಿ ಬೇರೆ ಕಚ್ಚಿತು.

ಮೇ 9

ಕೆಲಸ, ಕೆಲಸ. ಎದುರು ಮನೆಯವರ ಪರದೆ. ಸಿಡಿಲಪ್ಪನವರಿಗೂ ಉಸಿರಾಡಲು ಬಿಡುವಿಲ್ಲ, ಗುಡುಗು ಬಲಿಯುವ ಮೊದಲು ಎಲ್ಲ ಕಟ್ಟಡಗಳನ್ನೂ ನೋಡಿ ಮುಗಿಸಬೇಕಂತೆ. ಬೆಳಗ್ಗೆ ಹೋದವರು ಬರುವಾಗ ಅಂಗಿಯ ತುಂಬ ಹಸಿರು ಕಿಲುಬು. ಉಜ್ಜಿ ಉಜ್ಜಿ ನನ್ನ ಕೈ ಸವೆಯಿತು.

ಮೇ 13

ಇವತ್ತು ನಡೆದದ್ದಕ್ಕೆ ನಗಬೇಕೋ ಅಳಬೇಕೋ. ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ದೂರದಲ್ಲಿ ಗುಡುಗಿತು. ನಾನು ಹೊದಿಕೆಯೊಳಗೆ ಸೇರಿ ಇನ್ನೇನು ಹತ್ತಿ ತುರುಕಬೇಕು, ಬಾಗಿಲು ಧಡಾರ್ ಎಂದಿತು. ಸಿಡಿಲಪ್ಪನವರು! ಏದುಸಿರು, ಮುಖವೆಲ್ಲ ಬೆವರು, ಕಾಲಲ್ಲಿ ಬೂಟು ಹಾಗೇ.

“ಏನ್ರೀ ಆಯ್ತು?”

“ಏನಿಲ್ಲ. ಚಹಾ ಕುಡಿಯೋಣ ಅಂತ ಬಂದೆ.”

ಕೆಲಸ ಬಿಟ್ಟು, ಓಡಿಕೊಂಡು, ಚಹಾಕ್ಕೆ! ಹೊದಿಕೆಯೊಳಗಿಂದ ಕೈ ಮಾತ್ರ ಹೊರಗೆ ಹಾಕಿ ಒಲೆ ತೋರಿಸಿದೆ. ಅವರೇ ಮಾಡಿಕೊಂಡರು. ನನಗೂ ಒಂದು ಲೋಟ ತಂದು ಸ್ಟೂಲಿನ ಮೇಲೆ ಕೂತರು. ಸಕ್ಕರೆ ಸುರಿದಿದ್ದರು, ಸಿಹಿಯೋ ಸಿಹಿ. ಹೊದಿಕೆಯೊಳಗೆ ಕೂತು ಚಹಾ ಕುಡಿದದ್ದು ಇದೇ ಮೊದಲು. ಗುಡುಗು ಯಾವಾಗ ನಿಂತಿತೋ ಗಮನಿಸಲಿಲ್ಲ. ನೆಲದ ಮೇಲೆಲ್ಲ ಬೂಟಿನ ಕೆಸರು, ಒರೆಸಿ ಸಾಕಾಯಿತು.

ಮೇ 16

ಕೈ ಇನ್ನೂ ನೋಯುತ್ತಿದೆ, ಆದರೂ ಬರೆಯದೆ ಇರಲಾರೆ.

ಇವತ್ತು ಬಟ್ಟೆ ಒಗೆಯುವ ದಿನ. ಇವರು ಬೆಳಗ್ಗೆಯೇ ಪಕ್ಕದ ಊರಿನ ಕೆಲಸಕ್ಕೆ ಹೋಗಿದ್ದರು. ನೆನೆಹಾಕುವ ಮೊದಲು ಜೇಬು ತಡಕುವುದು ದರ್ಜಿಯವಳ ಅಭ್ಯಾಸ. ಬೂದು ಅಂಗಿಯ ಎಡ ಜೇಬಲ್ಲಿ ಎರಡು ಹಿತ್ತಾಳೆ ನಟ್ಟು ಸಿಕ್ಕವು. ತಮಾಷೆಗೆ ಫೋನು ಮಾಡಿದೆ.

“ಏನ್ರೀ, ಜೇಬಲ್ಲಿ ಎರಡು ನಟ್ಟಿದೆ. ಒಗೆದು ಇಸ್ತ್ರಿ ಮಾಡಿ ಇಡ್ಲಾ?”

ಆ ಕಡೆ ಏನೋ ಕಬ್ಬಿಣದ್ದು ಕೆಳಗೆ ಬಿದ್ದ ಸದ್ದಾಯಿತು.

“ಯಾವ ಅಂಗಿ?”

“ಬೂದು ಬಣ್ಣದ್ದು.”

“ಮಂಗಳವಾರದ್ದು” ಎಂದರು. ಆಮೇಲೆ, “ಶಿಶುವಿಹಾರ” ಎಂದರು.

ನನಗೂ ಹೊಳೆಯಿತು. ಎರಡು ಬೀದಿ ಆಚೆಗಿರುವ ಹಳೇ ಗೋಪುರದ ಕಟ್ಟಡ. ಆ ಸುತ್ತಿನಲ್ಲೆಲ್ಲ ಅದೇ ಎತ್ತರ, ಅದರ ತುಂಬ ಪುಟಾಣಿ ಮಕ್ಕಳು. ಮೇಲಿನ ಕಂಬಿ ಸಿಡಿಲನ್ನು ಬಾ ಎಂದು ಕರೆಯುತ್ತದೆ, ಕೆಳಗೆ ದಾರಿ ಕಡಿದಿದೆ. ಕಂಬಿಯೇ ಇಲ್ಲದಿದ್ದರೆ ಇಷ್ಟು ಅಪಾಯವಿರುತ್ತಿರಲಿಲ್ಲ.

“ನಾನು ಈಗ್ಲೇ ಬಸ್ ಹಿಡೀತೀನಿ. ನೀವು ಹೊರಗೆ ಬರ್ಬೇಡಿ. ಅಲ್ಲಿ ಆಕಾಶ ಹೇಗಿದೆ?”

ಕಿಟಕಿಯಿಂದ ನೋಡಿದೆ. ಮಸಿ ಬಳಿದಂತಿತ್ತು. “ಪರವಾಗಿಲ್ಲ” ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಗುಡುಗಿತು, ಅವರಿಗೂ ಕೇಳಿಸಿರಬೇಕು. ಮಾತು ಬೆಳೆಸದೆ ನಟ್ಟು ಮುಷ್ಟಿಯಲ್ಲಿ ಹಿಡಿದು ಹೊರಟೆ. ನಡುದಾರಿಯಲ್ಲಿ ಆ ಹೊಸ ಚಪ್ಪಲಿಯ ಪಟ್ಟಿ ಕಿತ್ತು ಬಂತು. ಅಂಗಡಿಯವನಿಗೆ ಮನಸಾರೆ ಬೈದು, ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಓಡಿದೆ.

ಶಿಶುವಿಹಾರದ ಹಿಂಗೋಡೆ. ಸೊಂಟದೆತ್ತರದಲ್ಲಿ ಪಟ್ಟಿಯ ಎರಡು ತುದಿಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತಿದ್ದವು. ನಡುವೆ ನನ್ನ ಅಂಗೈ ತೂರುವಷ್ಟು ಜಾಗ. ಫೋನು ಮಾಡಿದೆ.

“ಬಾಯಿ ಬಿಟ್ಕೊಂಡಿದೆ ರೀ. ನಟ್ಟು ನನ್ನ ಕೈಲೇ ಇದೆ. ಬೋಲ್ಟೂ ಅಲ್ಲೇ ಇದೆ. ತಿರುಗಿಸಿಬಿಡ್ಲಾ?”

“ಮುಟ್ಬೇಡ!”

ಆ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಇವತ್ತೇ ಗೊತ್ತಾದದ್ದು. ಬಸ್ಸಿನವರೆಲ್ಲ ತಿರುಗಿ ನೋಡಿರಬೇಕು. “ಹಿಂದೆ ಸರಿ. ಗೋಡೆಯಿಂದ ದೂರ ಬಾ. ಬಂದೆಯಾ? ಮಕ್ಕಳನ್ನ ಎದುರಿನ ಗ್ರಂಥಾಲಯಕ್ಕೆ ಸಾಗಿಸು. ಹೋದ ತಿಂಗಳು ನೋಡಿದೀನಿ, ಅದು ಗಟ್ಟಿಯಾಗಿದೆ. ಬೇಗ. ನೀನೂ ಅಲ್ಲೇ ಒಳಗಿರು.”

ಶಿಶುವಿಹಾರದ ದೊಡ್ಡ ಆಯಾ ಬಾಗಿಲಿಗೆ ಅಡ್ಡ ನಿಂತಳು. ಮಕ್ಕಳನ್ನು ಮಲಗಿಸಿ ಈಗ ತಾನೇ ಸೊಂಟ ನೇರ ಮಾಡಿದ್ದಳು, ಪಾಪ.

“ಎಬ್ಬಿಸ್ಬೇಕಾ? ಏನಮ್ಮಾ, ನಾನು ಬರ್ತೀನಿ ಅಂತ ಸಿಡಿಲು ನಿಮ್ಮ ಹತ್ರ ಹೇಳಿ ಕಳಿಸಿದೆಯಾ?”

“ಅದರಪ್ಪನೇ ಹೇಳಿ ಕಳಿಸಿದಾನೆ. ಮೊದಲು ಎತ್ಕೊಳ್ಳಿ, ಆಮೇಲೆ ಬೈಯ್ರಿ!”

ನನ್ನ ದನಿಗೆ ಅಣ್ಣನ ಮನೆಯ ಗೋಡೆಗಳೇ ಹೆದರುತ್ತಿದ್ದವು, ಆಯಾ ಎಷ್ಟರವಳು. ಇಬ್ಬರೂ ಕಂಕುಳಿಗೊಂದು, ಹೆಗಲಿಗೊಂದು ಎತ್ತಿಕೊಂಡೆವು. ನಡೆಯುವವು ನಮ್ಮ ಬಟ್ಟೆ ಹಿಡಿದುಕೊಂಡು ಬಂದವು. ಎಷ್ಟು ಸಲ ಆ ಬೀದಿ ದಾಟಿದೆನೋ. ಒಂದು ಮಗು ಮೈಮೇಲೆ ಉಚ್ಚೆ ಹೊಯ್ದಿತು, ಇನ್ನೊಂದು ಭುಜ ಕಚ್ಚಿತು. ಮಳೆ ಸುರಿಯತೊಡಗಿತ್ತು, ಉಚ್ಚೆ ಯಾವುದು ನೀರು ಯಾವುದು ತಿಳಿಯುತ್ತಿರಲಿಲ್ಲ.

ಗ್ರಂಥಾಲಯದವರು ಅಭ್ಯಾಸಬಲದಿಂದ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಅವರೇ ಓದುವ ಮೇಜಿನ ಮೇಲಿದ್ದ ಪತ್ರಿಕೆಗಳನ್ನು ಸರಿಸಿ ಮಕ್ಕಳನ್ನು ಸಾಲಾಗಿ ಕೂರಿಸಿದರು. ಎಲ್ಲವೂ ಒಂದೇ ಸಮ ಅಳುತ್ತಿದ್ದವು. ಏನು ಮಾಡುವುದು? ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. “ಬನ್ನಿ, ಯಾರ ಕೈ ಉದ್ದ ನೋಡೋಣ” ಎಂದು ಅಳೆಯಲು ಶುರುಮಾಡಿದೆ. ಅಳು ನಿಂತು ಜಗಳ ಶುರುವಾಯಿತು. ನನ್ನ ಮೂಗು ಅಳೆ, ನನ್ನ ಹೊಟ್ಟೆ ಅಳೆ. ನಡುವೆ ಒಂದು ಸಲ ಎಂಥ ಗುಡುಗೆಂದರೆ ಕಿಟಕಿ ಗಾಜುಗಳೆಲ್ಲ ಅದುರಿ, ಕಪಾಟಿನಿಂದ ಒಂದು ಪುಸ್ತಕ ಕೆಳಗೆ ಬಿತ್ತು. ನನಗೆ ಅಳತೆ ತಪ್ಪಿಹೋಯಿತು. ಆ ಮಗುವಿನ ಹೊಟ್ಟೆಯನ್ನು ಮತ್ತೆ ಮೊದಲಿನಿಂದ ಅಳೆದೆ.

ಸಿಡಿಲು ಎಲ್ಲಿಯೂ ಬೀಳಲಿಲ್ಲ. ಮೋಡ ಆ ಕಡೆ ಹೋಯಿತು, ಬಿಸಿಲು ಬಂತು. ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗಿತು. ಆಯಾ ನನ್ನನ್ನೊಮ್ಮೆ ಆಕಾಶವನ್ನೊಮ್ಮೆ ನೋಡಿ, “ಇದಕ್ಕಾ?” ಎಂದಳು.

ಇವರು ಬಂದದ್ದು ಅದಾದ ಮೇಲೆ. ನೇರವಾಗಿ ನನ್ನ ಮುಂದೆ ಬಂದು ನಿಂತು, ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಮುಷ್ಟಿ ಬಿಚ್ಚಿ ನಟ್ಟು ಕೊಟ್ಟೆ. ಅಂಗೈಯಲ್ಲಿ ಎರಡೂ ಅಚ್ಚೊತ್ತಿದ್ದವು. ದೂರದ ಗುಡುಗೂ ಪೂರ್ತಿ ಅಡಗುವವರೆಗೆ ಕಾದು ಜೋಡಣೆ ಹಾಕಿದರು. ಸ್ಪ್ಯಾನರ್ ಎರಡು ಸಲ ಜಾರಿತು. ದಾರಿಯುದ್ದಕ್ಕೂ ನನ್ನ ಹರಿದ ಚಪ್ಪಲಿ ಅವರ ಕೈಯಲ್ಲಿತ್ತು.

ಮೇ 17

ಮಕ್ಕಳ ತಂದೆತಾಯಂದಿರು ಇಬ್ಬರು ಮೂವರು ಬಂದು ಗಲಾಟೆ ಮಾಡಿದರು. ಮಳೆಯಲ್ಲಿ ಒದ್ದೆಯಾಗಿ ಮಗುವಿಗೆ ಶೀತವಾಯಿತಂತೆ. ಇವರು ಎಲ್ಲರೆದುರು, “ತಪ್ಪು ನನ್ನದು. ಜೋಡಣೆ ಬಿಚ್ಚಿ ಹಾಗೇ ಬಿಟ್ಟಿದ್ದೆ” ಎಂದರು. ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಹೇಳಲಿಲ್ಲ. ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ಬೀದಿಯಲ್ಲಿ ನನಗೆ ಸಿಡಿಲಮ್ಮ ಎಂದು ಹೆಸರು ಬಿದ್ದಿದೆ.

ಅವರೆಲ್ಲ ಹೋದಮೇಲೆ ಇವರು ಸಾಮಾನಿನ ಚೀಲವನ್ನು ಅಟ್ಟದ ಮೇಲೆ ಹಾಕಿದರು.

“ಅದ್ಯಾಕೆ ಅಲ್ಲಿ?”

“ಸಾಕು. ನೇಮ ಮರೆತವನು ಆ ಪಟ್ಟಿ ಮುಟ್ಟಬಾರದು.”

ಮೇ 18

ಊಟ ಸೇರುತ್ತಿಲ್ಲ ಇವರಿಗೆ. ಮೊದಲು ಮಾತಾಡದೆ ಇದ್ದಾಗ ಸಿಟ್ಟು ಬರುತ್ತಿತ್ತು, ಈಗ ಭಯವಾಗುತ್ತದೆ.

ಅಣ್ಣನ ಫೋನು ಬಂತು. ಸುದ್ದಿ ಅಲ್ಲಿಯವರೆಗೂ ಮುಟ್ಟಿದೆ. “ಮಳೇಲಿ, ಸಿಡಿಲಲ್ಲಿ ನಿನ್ನನ್ನ ಓಡಿಸ್ತಾನಲ್ಲ ಆ ಮನುಷ್ಯ! ಮುಂದಿನ ವಾರ ನಾನೇ ಬರ್ತೀನಿ ಕರ್ಕೊಂಡು ಹೋಗೋಕೆ” ಎಂದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ನೋಡ್ತೀನಿ ತಡಿ” ಎಂದೆ.

ಮೇ 20

ಆ ದಿನ ಸುತ್ತಿಕೊಂಡು ಬಂದಿದ್ದ ಮಗುವಿನ ಕಂಬಳಿ ಒಗೆದು ಒಣಗಿಸಿ ಶಿಶುವಿಹಾರಕ್ಕೆ ಕೊಡಲು ಹೋಗಿದ್ದೆ. ದೊಡ್ಡ ಆಯಾಳ ಸಿಟ್ಟು ಇಳಿದಿತ್ತು. ಮಕ್ಕಳು ದಿನಾ ಟೇಪು ಟೇಪು ಎಂದು ಪ್ರಾಣ ತಿನ್ನುತ್ತವಂತೆ. ಕೂರಿಸಿ ಚಹಾ ಕೊಟ್ಟಳು.

“ನಿಮ್ಮೆಜಮಾನ್ರು ಹೇಗಿದಾರಮ್ಮಾ? ಪಾಪ, ಅವರ ಮೇಲೆ ಸಿಟ್ಟಿಲ್ಲ ನನಗೆ. ಅವತ್ತು ಮಂಗಳವಾರ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡ್ತಿದ್ರು. ದೂರದಲ್ಲಿ ಗುಡುಗು ಶುರುವಾಯ್ತು ನೋಡಿ, ಮುಖವೇ ಬದಲಾಗಿಹೋಯ್ತು. ಮೀಟರು ಬಾಚಿ ಚೀಲಕ್ಕೆ ಹಾಕ್ಕೊಂಡು ಓಡಿದ್ರು. ‘ಎಲ್ಲಿಗೆ?’ ಅಂದ್ರೆ, ‘ಮನೇಲಿ ಒಬ್ಳೇ ಇದಾಳೆ, ಗುಡುಗು ಅಂದ್ರೆ ಅವಳಿಗೆ ಆಗಲ್ಲ’ ಅಂದ್ರು. ನಾನು ಯಾವುದೋ ಮಗೂ ವಿಷಯ ಅನ್ಕೊಂಡಿದ್ದೆ.”

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ದಾರಿಯಲ್ಲಿ ಅಳುತ್ತಲೇ ಬಂದೆ. ಎದುರು ಮನೆಯವರು ಏನಾಯಿತು ಎಂದರು, ಕಣ್ಣಿಗೆ ಧೂಳು ಎಂದೆ. ಒಂದು ವರ್ಷವೂ ತುಂಬದ ಗಂಡ ಅಷ್ಟು ವರ್ಷದ ನೇಮವನ್ನು ನನಗಾಗಿ ಮರೆತ. ಚಹಾಕ್ಕೆ ಬಂದೆ ಅಂದರಲ್ಲ, ಎಂಥ ಸುಳ್ಳ! ನಾನು ಎಂಥ ಪೆದ್ದಿ, ಹೊದಿಕೆಯೊಳಗಿಂದ ಒಲೆ ತೋರಿಸಿದೆ.

ಸಂಜೆ ಇವರ ಮುಖ ನೋಡಲಾಗಲಿಲ್ಲ. ತಟ್ಟೆಗೆ ಹೆಚ್ಚೆಚ್ಚು ಬಡಿಸಿದೆ. “ಸಾಕು” ಎಂದರು. “ಸುಮ್ನೆ ತಿನ್ರಿ” ಎಂದೆ.

ಮೇ 21

ಇವತ್ತು ಜಗಳ ಮಾಡಿದೆ. ನಾನೊಬ್ಬಳೇ ಮಾಡಿದ್ದು, ಇವರು ಕೇಳಿಸಿಕೊಂಡರು.

ಬೆಳಗ್ಗೆಯೇ ಇವರ ಕೆಲಸದ ಅಂಗಿಗಳನ್ನೆಲ್ಲ ಹರಡಿ, ಎಡ ಜೇಬುಗಳನ್ನು ಬಿಚ್ಚಿ ಎಸೆದು, ಕಡುಕೆಂಪು ಬಟ್ಟೆಯ ಹೊಸ ಜೇಬು ಹೊಲಿದೆ. ಒಳಗೆ ಸಾಸಿವೆ ಕಾಳಿದ್ದರೂ ಉಬ್ಬಿ ಕಾಣುವಷ್ಟು ಬಿಗಿ. ಮೇಲೊಂದು ಮುಚ್ಚಳ. ನಟ್ಟು ಒಳಗಿದ್ದರೆ ಗುಂಡಿ ಹಾಕಲಾಗದು, ಮುಚ್ಚಳ ಗದ್ದಕ್ಕೆ ತಗಲುವಂತೆ ಎದ್ದು ನಿಲ್ಲುತ್ತದೆ. ಅಷ್ಟು ವಿಕಾರವಾದ ಜೇಬನ್ನು ನಾನು ಜನ್ಮದಲ್ಲಿ ಹೊಲಿದಿರಲಿಲ್ಲ.

“ಇದನ್ನ ಹಾಕ್ಕೊಂಡು ಕೆಲಸಕ್ಕೆ ಹೊರಡಿ” ಎಂದೆ.

“ಬೇಡ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ.”

“ನನ್ನ ಕೈಲೂ ಎಷ್ಟು ಅಂಗಿ ಹಾಳಾಗಿಲ್ಲ? ಕತ್ತರಿ ಅಟ್ಟಕ್ಕೆ ಹಾಕಿದ್ನಾ?”

“ಅಂಗಿ ಹಾಳಾದ್ರೆ ಯಾರೂ ಸಾಯಲ್ಲ.”

ನಿಜವೇ ಅದು. ಅಂಗಿಯನ್ನು ಅವರ ತೊಡೆಯ ಮೇಲಿಟ್ಟೆ. ಆಮೇಲೆ ಹೇಳಿದೆ: “ಅದಕ್ಕೇ ಹೇಳ್ತಿರೋದು. ನೀವು ಮನೇಲಿ ಕೂತ್ರೆ ಆ ಗೋಡೆಗಳನ್ನ ಯಾರು ನೋಡ್ತಾರೆ? ಇನ್ಮೇಲೆ ಗುಡುಗು ಕೇಳಿದ್ರೆ ಮೊದಲು ಜೇಬು ನೋಡ್ಕೊಳ್ಳಿ. ಜೋಡಣೆ ತೆರೆದಿದ್ದಾಗಲೇ ಗುಡುಗಿದ್ರೆ ಒಳಗಿರೋರನ್ನೆಲ್ಲ ಹೊರಡಿಸಿ, ಮೋಡ ಹೋಗೋವರೆಗೂ ಅಲ್ಲೇ ಕಾಯ್ರಿ. ನಾನು ಒಂದು ದಿನ ಹೊದಿಕೆ ಒಳಗೆ ಒಬ್ಳೇ ಇದ್ರೆ ಸತ್ತುಹೋಗಲ್ಲ.”

ಇವರು ತಲೆ ಎತ್ತಿದರು. “ಯಾರು ಹೇಳಿದ್ರು ನಿನಗೆ?”

“ಯಾರೋ.”

ಇವರ ಕಿವಿ ಕೆಂಪಾಯಿತು. ಆ ಜೇಬಿಗಿಂತ ಕೆಂಪು. ಈ ವಯಸ್ಸಿನಲ್ಲಿ ಗಂಡಸರ ಕಿವಿ ಹಾಗೆ ಕೆಂಪಾಗುವುದನ್ನು ನಾನು ನೋಡಿರಲಿಲ್ಲ. ಎಷ್ಟು ಚಂದ ಕಾಣುತ್ತಾರೆ ಇವರು, ಮೊದಲೇ ಯಾಕೆ ಗಮನಿಸಲಿಲ್ಲವೋ.

ಮೇ 22

ಚೀಲ ಅಟ್ಟದಿಂದ ಇಳಿಯಿತು.

ಮೇ 24

ಅಣ್ಣನಿಗೆ ಈ ವಾರ ಬರಬೇಡ ಎಂದೆ. ಕಾಲ ಇನ್ನೂ ಮುಗಿದಿಲ್ಲವಲ್ಲ, ಮಾತೆಂದರೆ ಮಾತು.

ಜೂನ್ 10

ಬರೆಯದೆ ಬಹಳ ದಿನವಾಯಿತು. ಹೇಳಿಕೊಳ್ಳುವುದನ್ನೆಲ್ಲ ಊಟದ ಹೊತ್ತಿಗೆ ಹೇಳಿ ಮುಗಿಸಿರುತ್ತೇನೆ, ಬರೆಯಲು ಉಳಿಯುವುದೇ ಇಲ್ಲ. ಇವರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ಅತ್ತಿಗೆಗೆ ಮಧ್ಯೆ ಬಾಯಿ ಹಾಕುವ ಅಭ್ಯಾಸ, ಇವರಿಗಿಲ್ಲ.

ಕೆಂಪು ಜೇಬಿಗೆ ಊರೆಲ್ಲ ನಗುತ್ತದೆ. ನೀರಿನ ಕಚೇರಿಯವರು, “ಏನ್ ಸಿಡಿಲಪ್ಪಾ, ಎದೆ ಮೇಲೆ ಬಾವುಟ?” ಎಂದರಂತೆ. ಇವರು, “ನನ್ನ ಹೆಂಡತಿ ಹೊಲಿದಿದ್ದು” ಎಂದರಂತೆ. ಅಷ್ಟನ್ನು ನನ್ನ ಮುಂದೆ ಹೇಳಿ ಮುಗಿಸಲು ಅರ್ಧ ಊಟದ ಹೊತ್ತು ತೆಗೆದುಕೊಂಡರು.

ಜೂನ್ 29

ವಾರದಿಂದ ಆಕಾಶ ಶುಭ್ರ. ಗುಡುಗಿನ ಕಾಲ ಮುಗಿಯಿತು ಎಂದು ಎಲ್ಲರೂ ಅನ್ನುತ್ತಿದ್ದಾರೆ. ಅಣ್ಣ ಮೂರು ದಿನದಿಂದ ಫೋನು ಮಾಡಿ, “ಏನು ತೀರ್ಮಾನ?” ಎಂದು ಕೇಳುತ್ತಿದ್ದಾನೆ.

ಬೆಳಗ್ಗೆ ಒಂದು ಕೋಟಿನ ಅಂಚು ಮಡಿಚುತ್ತಿದ್ದೆ, ಬಾಯಿ ತುಂಬ ಗುಂಡುಸೂಜಿ. ಇವರು ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತ, ನೆಲ ನೋಡುತ್ತ ಕೇಳಿದರು, “ಕಾಲ ಮುಗೀತು ಅನ್ಸುತ್ತೆ. ನಿಮ್ಮಣ್ಣಂಗೆ ಏನ್ ಹೇಳ್ದೆ?”

ಬಾಗಿಲಲ್ಲಿ ನಿಂತಿದ್ದ ಆ ದಿನ ಅವರಿಗೆ ಎಲ್ಲವೂ ಕೇಳಿಸಿತ್ತು! ಅವತ್ತಿನಿಂದ ಒಳಗೇ ಇಟ್ಟುಕೊಂಡು ತಿರುಗಿದ್ದಾರೆ. ನನಗೆ ಮಾತಾಡಲು ಬಾಯಲ್ಲಿ ಸೂಜಿ. ಉಹೂಂ ಉಹೂಂ ಎಂದು ತಲೆ ಅಲ್ಲಾಡಿಸಿ ಒಂದೊಂದೇ ತೆಗೆಯುವಷ್ಟರಲ್ಲಿ, “ಹೋಗ್ಲಿ ಬಿಡು. ಯಾವಾಗ ಹೊರಡ್ತೀಯ ಹೇಳು, ಬಸ್ಸಿಗೆ ನಾನೇ ಬಿಟ್ಟು ಬರ್ತೀನಿ” ಎಂದು ಹೊರಟೇಹೋದರು. ಜೀವಮಾನದಲ್ಲಿ ನನಗೆ ಮಾತು ಬೇಕಾದದ್ದು ಆ ಒಂದು ಗಳಿಗೆಯಲ್ಲಿ, ಆಗಲೇ ಬಾಯಿ ಬಂದ್!

ಮಧ್ಯಾಹ್ನದವರೆಗೂ ಯಂತ್ರ ತುಳಿದೆ. ಸಿಟ್ಟಿಗೆ ಹೊಲಿಗೆ ಎರಡು ಕಡೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕುತ್ತಿರುವಾಗ ಬಾಗಿಲು ಧಡಾರ್ ಎಂದಿತು. ಇವರು. ಏದುಸಿರು, ಬೂಟು ಹಾಗೇ, ತಲೆಯಿಂದ ನೀರು ಇಳಿಯುತ್ತಿತ್ತು.

“ಏನ್ರೀ, ಏನಾಯ್ತು?”

“ಗುಡುಗು” ಎಂದರು. “ಕೇಳಿಸ್ಲಿಲ್ವಾ?”

ಕಿವಿಗೊಟ್ಟೆ. ಹೌದು, ಆಚೆ ಮಳೆ ಸುರಿಯುತ್ತಿದೆ, ಗುಡುಗುತ್ತಲೂ ಇದೆ. ಯಂತ್ರದ ಸದ್ದಿನಲ್ಲಿ ಗೊತ್ತೇ ಆಗಿರಲಿಲ್ಲ.

“ಜೋಡಣೆ?”

“ಹಾಕಿ, ಬಿಗಿದು, ಎರಡು ಸಲ ನೋಡಿ ಬಂದೆ.” ಕೆಂಪು ಜೇಬು ತಟ್ಟಿ ತೋರಿಸಿದರು. ಗುಂಡಿ ಹಾಕಿತ್ತು.

‘ನನಗೇನೂ ಭಯ ಆಗ್ಲಿಲ್ಲ, ಸುಮ್ನೆ ಯಾಕೆ ನೆನೆದ್ರಿ’ ಎನ್ನುವ ಮಾತು ತುಟಿಯವರೆಗೂ ಬಂದಿತ್ತು. ಇವರ ಮುಖ ನೋಡಿದೆ. ಆ ವಯಸ್ಸಿನ ಮನುಷ್ಯ, ಮಳೆಯಲ್ಲಿ, ನಾಳೆ ಬಿಟ್ಟು ಹೋಗುವವಳು ಎಂದುಕೊಂಡವಳಿಗಾಗಿ ಇವತ್ತೂ ಓಡಿ ಬಂದಿದ್ದಾರೆ. ಮಾತನ್ನು ನುಂಗಿಕೊಂಡೆ.

“ಅಯ್ಯೋ, ಜೀವ ಬಾಯಿಗೆ ಬಂದಿತ್ತು ರೀ” ಎಂದು ಎದ್ದು ಹೋಗಿ ಇವರ ಕೈ ಹಿಡಿದುಕೊಂಡೆ.

ಇವರು ನನ್ನನ್ನು ಮಂಚದ ಮೇಲೆ ಕೂರಿಸಿ ಪಕ್ಕದಲ್ಲಿ ಕೂತರು. ಸ್ಟೂಲು ತರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಅಭ್ಯಾಸ ಆಗುತ್ತೆ. ಮುಂದಿನ ವರ್ಷ ಇಷ್ಟು ಹೆದರಿಕೆ ಇರಲ್ಲ” ಎಂದರು. ಆಮೇಲೆ ತಾವೇನು ಅಂದೆವು ಎಂದು ಗೊತ್ತಾಗಿ, ನನ್ನ ಕಡೆ ನೋಡಲೂ ಧೈರ್ಯವಿಲ್ಲದೆ ಗೋಡೆ ನೋಡತೊಡಗಿದರು.

“ಇರುತ್ತೆ” ಎಂದೆ. “ಮುಂದಿನ ವರ್ಷ ಇನ್ನೂ ಜಾಸ್ತಿ ಇರುತ್ತೆ. ಅದರ ಮುಂದಿನ ವರ್ಷವೂ. ನೀವು ಓಡಿ ಬರ್ತಾನೇ ಇರ್ಬೇಕಾಗುತ್ತೆ.”